ಕಲ್ಯಾಣಕ್ಕೆ ಹೋದ ಬಂಗುಡೆ ಬಿಸಲೆ

ನಮ್ಮ ಶಾಲೆಯ ನಿವೃತ್ತ ಶಿಕ್ಷಕಿಯರಲ್ಲಿ ಇನ್ನೂ ವಿದೇಶ ನೋಡದವಳು ನಾನೊಬ್ಬಳೇ. ಡ್ರಾಯಿಂಗ್ ಟೀಚರು ದುಬೈಗೆ ಹೋಗಿ ಬಂದರು, ಗಣಿತದವರು ಸಿಂಗಾಪುರಕ್ಕೆ. ನನ್ನಲ್ಲಿ ಪಾಸ್‌ಪೋರ್ಟೇ ಇಲ್ಲ. ಆದರೂ ಈ ಚಳಿಗಾಲದ ನನ್ನ ಪ್ರಯಾಣದ ಕಥೆ ಶುರುಮಾಡಿದಾಗ ಇಬ್ಬರೂ ಮೊಬೈಲಿನ ಫೋಟೋಗಳನ್ನು ಬದಿಗಿಟ್ಟು ಕೇಳಿದರು. ದಾರಿ ಗೊತ್ತಿಲ್ಲದ, ಭಾಷೆ ಹಿಡಿತಕ್ಕೆ ಸಿಗದ, ನಿಂತಲ್ಲೇ ನಿಂತರೆ ಜನ ನಮ್ಮನ್ನು ಎತ್ತಿಕೊಂಡು ಹೋಗುವ ಊರನ್ನು ವಿದೇಶ ಎನ್ನದೆ ಇನ್ನೇನೆನ್ನಲಿ? ಹೈಸ್ಕೂಲಿನಲ್ಲಿ ಹಿಂದಿ ಕಲಿಸಿಯೇ ನಿವೃತ್ತಳಾದ ನಾನು ಭಾಷೆ ಸಿಗಲಿಲ್ಲ ಎನ್ನುವುದು ಅವಮಾನದ ಸಂಗತಿ. ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ತಮ್ಮ ವಿಠಲನದು ತುರ್ಭೆಯಲ್ಲಿ ಸಣ್ಣ ಊಟದ ಹೋಟೆಲು. ಹೊರೆ ಎತ್ತುವವರು, ಕಾರ್ಖಾನೆಯ ಕೆಲಸದವರು ಅಲ್ಲಿಯ ಗಿರಾಕಿಗಳು. ಅವನಿಗೆ ಮೊಣಕಾಲು ನೋವು. ಅಂಗಡಿಯನ್ನು ಮೊಬೈಲ್ ರಿಪೇರಿಯವನೊಬ್ಬನಿಗೆ ಬಿಟ್ಟುಕೊಟ್ಟು ನೆರೂಳಿನ ಫ್ಲಾಟಿನಲ್ಲಿ ಕಾಲು ಚಾಚಿ ಕೂರುವುದೆಂದು ನಿಶ್ಚಯಿಸಿದ್ದ. ಅವನ ಮಗಳು ಅಶ್ವಿನಿಗೆ ವಾಶಿಯಲ್ಲಿ ಒಳ್ಳೆಯ ನೌಕರಿ ಇತ್ತು. ಅವಳು ಅದನ್ನು ಬಿಟ್ಟು, ಹೋಟೆಲನ್ನು ತಾನು ನಡೆಸುತ್ತೇನೆ, ಅದೂ ಮಣ್ಣಿನ ಪಾತ್ರೆಯ ಅಡುಗೆ ಮಾಡಿ, ಎಂದು ಹಟ ಹಿಡಿದಳು. ತಂದೆ ಮಗಳ ಜಗಳ ಒಂದು ಕರಾರಿಗೆ ಬಂದು ನಿಂತಿತು. ಒಂದು ಭಾನುವಾರದ ಮಧ್ಯಾಹ್ನದ ಊಟ ಅವಳದು. ತಟ್ಟೆಗಳು ಖಾಲಿಯಾಗಿ ವಾಪಸು ಬಂದರೆ ಹೋಟೆಲು ಅವಳಿಗೆ. ಉಳಿಸಿ ಎದ್ದರೆ ಮೊಬೈಲಿನವನಿಗೆ.

ಪಾತ್ರೆ ತರುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮೂರಿನ ಕುಂಬಾರರಲ್ಲಿ ಹೊಸ ಪಾತ್ರೆಗಳನ್ನು ಆರಿಸಿ ಬುಟ್ಟಿಯಲ್ಲಿ ಬೈಹುಲ್ಲಿನ ನಡುವೆ ಮಲಗಿಸಿದೆ. ಮೊಸರಿನ ಕುಡಿಕೆಗಳನ್ನು ಒಂದು ಬಟ್ಟೆಚೀಲಕ್ಕೆ ಹಾಕಿದೆ. ಇನ್ನೊಂದು ಚೀಲದಲ್ಲಿ ನನ್ನ ಅಡುಗೆಮನೆಯ ಬಿಸಲೆ. ಬಿಸಲೆ ಎಂದರೆ ನಮ್ಮ ಕಡೆ ಮೀನುಸಾರು ಮಾಡುವ ಅಗಲಬಾಯಿಯ ಮಣ್ಣಿನ ಪಾತ್ರೆ. ಹೊಸತು ಮಣ್ಣು ಮಣ್ಣು ವಾಸನೆ ಬರುತ್ತದೆ, ಸಾರು ಕುಡಿಯುತ್ತದೆ. ನನ್ನದು ಎಷ್ಟೋ ವರ್ಷ ಬಂಗುಡೆ ಬೆಂದು ಬೆಂದು ಪಳಗಿ ಕರಿಗಲ್ಲಿನಂತೆ ಮಿರುಗುವಂಥದ್ದು. ಆ ರುಚಿ ಬೇಕಾದರೆ ಅದೇ ಬೇಕು. ಎಲ್ಲ ಚೀಲಗಳ ಮೇಲೆ ತನ್ನ ಫೋನ್ ನಂಬರ್ ದೊಡ್ಡದಾಗಿ ಬರೆಯಬೇಕೆಂದು ವಿಠಲ ತಾಕೀತು ಮಾಡಿದ್ದ. ಅಕ್ಕ ಕಳೆದುಹೋದರೂ ಪಾತ್ರೆ ಸಿಗಲಿ ಎಂಬ ಮುಂದಾಲೋಚನೆ ಇರಬೇಕು.

ಪನ್ವೇಲ್: ಇಳಿಯಬೇಕಾಗಿದ್ದ ಊರು

ರೈಲಿನಲ್ಲಿ ನನ್ನ ಎದುರಿನ ಸೀಟಿಗೆ ಮಡಗಾಂವಿನಿಂದ ಮದುವೆಗೆ ಹೊರಟ ಕುಟುಂಬವೊಂದು ಬಂದು ಕೂತಿತು. ಬಹಳ ಸಹಾಯದ ಮನುಷ್ಯರು. ನನ್ನ ಬುಟ್ಟಿಗೆ ಯಾರ ಕಾಲೂ ತಾಗಬಾರದೆಂದು ಅದನ್ನು ಸೀಟಿನಡಿ ಗೋಡೆಗೆ ಒತ್ತಿ, ಅದರ ಮುಂದೆ ತಮ್ಮ ಸೂಟ್‌ಕೇಸುಗಳನ್ನೆಲ್ಲ ಕೋಟೆಯಂತೆ ಕಟ್ಟಿದರು. ಪನ್ವೇಲ್ ಬರುವಾಗ ಕುಟುಂಬಕ್ಕೆ ಕುಟುಂಬವೇ ಗಾಢನಿದ್ದೆಯಲ್ಲಿತ್ತು.

ಕೋಟೆ ಕೆಡವಿ ಬುಟ್ಟಿಯನ್ನು ಎಳೆದುಕೊಳ್ಳುವಷ್ಟರಲ್ಲಿ ರೈಲು ಅಲುಗಿತು. ಪ್ಲಾಟ್‌ಫಾರ್ಮಿನಲ್ಲಿ ವಿಠಲ ಕಿಟಕಿಯ ಪಕ್ಕಕ್ಕೇ ನಡೆಯುತ್ತ ಬಂದ. ನಮ್ಮೂರಿನ ಬಸ್ಸಾದರೆ ಚೀಲ ಇಳಿಸಿ, ಹಣೆಯ ಬೆವರು ಒರೆಸಿ, ಡ್ರೈವರಿಗೆ ಮಗಳ ಮದುವೆಯ ಸುದ್ದಿ ಹೇಳುವವರೆಗೂ ನಿಂತಿರುತ್ತದೆ. ಇದು ನಿಲ್ಲಲಿಲ್ಲ. ವಿಠಲ ಹೆಜ್ಜೆ ಜೋರು ಮಾಡಿ, ಠಾಣೆಯಲ್ಲಿ ಇಳಿದು ನೆರೂಳಿನ ಲೋಕಲ್ ಹಿಡಿಯಬೇಕೆಂದು ಕೂಗಿ, ಮೊಣಕಾಲು ಹಿಡಿದುಕೊಂಡು ಹಿಂದೆ ಉಳಿದ.

ಠಾಣೆ

ಮಧ್ಯಾಹ್ನ ಮುಟ್ಟಬೇಕಾದ ರೈಲು ದಾರಿಯಲ್ಲೆಲ್ಲ ನಿದ್ದೆ ಹೊಡೆದು ಠಾಣೆಗೆ ಬಂದಾಗ ಸಂಜೆ. ಕಚೇರಿಗಳೆಲ್ಲ ಬಿಡುವ ಹೊತ್ತು. ಒಬ್ಬ ಹಮಾಲ ಬುಟ್ಟಿ ಹೊತ್ತ, ಚೀಲಗಳು ನನ್ನ ಕೈಯಲ್ಲಿ. ಸೇತುವೆ ಹತ್ತಿಸಿ ಇಳಿಸಿದ ಮೇಲೆ ಅವನು ಬುಟ್ಟಿ ಇಟ್ಟು ಇನ್ನೊಂದು ಹೊರೆ ಹುಡುಕಿಕೊಂಡು ಮಾಯವಾದ.

ಪಕ್ಕದಲ್ಲಿ ನಿಂತಿದ್ದ ಗೃಹಸ್ಥರೊಬ್ಬರನ್ನು, ನೆರೂಳಿಗೆ ಹೊರಡುವ ಗಾಡಿ ಯಾವುದೆಂದು ವಿನಯದಿಂದ ಕೇಳಿದೆ: “ಮಹಾಶಯ್, ನೆರೂಳ್ ಕೀ ಓರ್ ಕೌನ್‌ಸೀ ಗಾಡಿ ಪ್ರಸ್ಥಾನ್ ಕರೇಗೀ?”

ಅವರು ನನ್ನ ಮುಖ ನೋಡಿದರು. ಆಮೇಲೆ ತಲೆಯೆತ್ತಿ ಮೇಲೆ ನೋಡಿದರು. ಕಾರಣ ನನಗೆ ಆಗಲೇ ಹೊಳೆಯಿತು. ಆ ಊರಿನಲ್ಲಿ ನನ್ನ ಹಿಂದಿಯನ್ನು ಮಾತಾಡುವವರು ಇನ್ನೊಬ್ಬರೇ ಇದ್ದರು, ಸ್ಟೇಷನ್ನಿನ ಧ್ವನಿವರ್ಧಕ. ಗೃಹಸ್ಥರು ಎತ್ತಲೋ ಕೈ ತೋರಿಸಿದರು. ಆ ಕೈ ತೋರಿಸಿದ ಕಡೆ ಒಂದು ಗಾಡಿ ಬಂದು ನಿಂತಿತು. ಹತ್ತಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ. ಆದರೆ ಹತ್ತುವುದು ಅಲ್ಲಿ ನಮ್ಮ ಇಚ್ಛೆಯ ವಿಷಯ ಅಲ್ಲವೆಂದು ತಿಳಿಯಿತು. ಹಿಂದಿನ ಹೆಂಗಸರು ಉಸಿರು ಬಿಟ್ಟರು, ನಾನೂ ಬುಟ್ಟಿಯೂ ಒಳಗಿದ್ದೆವು.

ಮಹಿಳೆಯರ ಡಬ್ಬಿಯಲ್ಲಿ ಕಾಲು ಊರಲು ಜಾಗವಿರಲಿಲ್ಲ, ಕರುಣೆಗೆ ಮಾತ್ರ ಕೊರತೆ ಇರಲಿಲ್ಲ. ಚೀಲದಲ್ಲಿ ಮಣ್ಣಿನ ಪಾತ್ರೆ ಎಂದು ತಿಳಿದದ್ದೇ ತಡ, ಕಿಟಕಿಯ ಪಕ್ಕ ಕೂತ ಕನ್ನಡಕದ ಹೆಂಗಸೊಬ್ಬರು ಎರಡೂ ಚೀಲಗಳನ್ನು ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಅವರು ತಮ್ಮ ಪ್ಲಾಸ್ಟಿಕ್ ಚೀಲದಿಂದ ಹಸಿ ಬಟಾಣಿ ತೆಗೆದು ಸುಲಿಯುತ್ತಿದ್ದರು. ರೈಲಿನಲ್ಲೇ ರಾತ್ರಿಯ ಅಡುಗೆಯ ಅರ್ಧ ಮುಗಿಸುವುದು ಅಲ್ಲಿಯ ಪದ್ಧತಿ. ಸುಲಿದ ಕಾಳು ಹಾಕಲು ಜಾಗ ಕಾಣದೆ, ನನ್ನ ಕುಡಿಕೆಯನ್ನು ತೋರಿಸಿ ಹುಬ್ಬಿನಲ್ಲೇ ಅನುಮತಿ ಕೇಳಿದರು. ನಾನು ಹುಬ್ಬಿನಲ್ಲೇ ಕೊಟ್ಟೆ. ಆ ದಿನ ನನ್ನಿಂದ ಸರಿಯಾಗಿ ನಡೆದ ಸಂಭಾಷಣೆ ಅದೊಂದೇ.

ಡೊಂಬಿವಲಿ

ನೆರೂಳು ಇನ್ನೆಷ್ಟು ದೂರ ಎಂದು ಪಕ್ಕದ ಹುಡುಗಿಯನ್ನು ಕೇಳಿದಾಗ ಇಡೀ ಡಬ್ಬಿಗೆ ಗಾಬರಿಯಾಯಿತು. ನೆರೂಳಿನ ಗಾಡಿ ಬೇರೆ, ಅದರ ದಿಕ್ಕು ಬೇರೆ, ಇದು ಕಲ್ಯಾಣಕ್ಕೆ ಹೋಗುವುದು. ಇಳಿ ಇಳಿ ಎಂದು ನಾಲ್ಕು ಭಾಷೆಗಳಲ್ಲಿ ಹೇಳಿದರು. ಡೊಂಬಿವಲಿ ಬಂದದ್ದೇ ನನ್ನನ್ನು ಹೆಣ್ಣು ಕೊಟ್ಟು ಕಳಿಸುವಂತೆ ಆತುರದಿಂದ ಹೊರಗೆ ಕಳಿಸಿದರು. ಹಿಂದಿನಿಂದ ಬುಟ್ಟಿ ಬಂತು. ತಲೆಗಳ ಮೇಲಿಂದ ಕೈಯಿಂದ ಕೈಗೆ ಚೀಲ ಬಂತು. ಗಾಡಿ ಹೊರಟಿತು.

ಒಂದೇ ಚೀಲ.

ಒಳಗೆ ನೋಡಿದೆ. ಕುಡಿಕೆಯ ತುಂಬ ಹಸಿರು ಹಸಿರಾದ ಬಟಾಣಿ. ನನ್ನ ಬಿಸಲೆ ಕನ್ನಡಕದವರ ಮಡಿಲಲ್ಲಿ ಕೂತು ಕಲ್ಯಾಣಕ್ಕೆ ಹೋಗುತ್ತಿತ್ತು.

ವಿಠಲನಿಗೆ ಫೋನ್ ಮಾಡಿದೆ. ಅವನು ಇಷ್ಟೇ ಹೇಳಿದ: “ಅಕ್ಕ, ನೀನು ಅಲ್ಲೇ ಬೆಂಚಿನಲ್ಲಿ ಕೂತುಕೋ. ಯಾರನ್ನೂ ಎಂತದೂ ಕೇಳಬೇಡ. ಮುಖ್ಯವಾಗಿ ಹಿಂದಿಯಲ್ಲಿ ಕೇಳಬೇಡ.”

ಬೆಂಚಿನಲ್ಲಿ ಕೂತೆ. ಊರಿನ ಜಾತ್ರೆಗೆ ಸೇರುವಷ್ಟು ಜನ ಒಂದೊಂದು ಗಾಡಿಯಿಂದ ಇಳಿದರು, ಕ್ಷಣದಲ್ಲಿ ಕರಗಿದರು, ಮತ್ತೆ ಇಳಿದರು. ಯಾರೂ ಯಾರನ್ನೂ ನೋಡುವುದಿಲ್ಲ, ಆದರೆ ನನ್ನ ಬುಟ್ಟಿಗೆ ಒಬ್ಬರೂ ಎಡವಲಿಲ್ಲ. ನೀರು ಹರಿದಂತೆ ಎರಡು ಕವಲಾಗಿ ಸುತ್ತಿ ಹೋದರು. ನಮ್ಮೂರಲ್ಲಿ ರಸ್ತೆಯಲ್ಲಿ ಒಬ್ಬನೇ ಬರುತ್ತಿದ್ದರೂ ಎಡವುತ್ತಾನೆ. ಎಡವಿ, ಇದು ಯಾರ ಬುಟ್ಟಿ, ಒಳಗೆ ಎಂತ ಉಂಟು ಎಂದೂ ಕೇಳುತ್ತಾನೆ.

ವಿಠಲ ಮತ್ತು ಅಶ್ವಿನಿ ಬಂದಾಗ ನನಗೆ ಅಳು ಬರುವ ಹಾಗಿತ್ತು. ಅಶ್ವಿನಿ ಅಲ್ಲೇ ಹುಟ್ಟಿದವಳು. ತುಳುವೂ ಕನ್ನಡವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಸೋದರತ್ತೆಗೆ ತುಳುವಿನಲ್ಲಿ ಮಾಮಿ ಎನ್ನುವುದನ್ನು ಅವಳು ಬಿಟ್ಟಿಲ್ಲ. “ಮಾಮಿ, ಟೆನ್ಶನ್ ಮತ್ ಲೋ,” ಎಂದು ನನ್ನನ್ನು ಅಪ್ಪಿಕೊಂಡು ಚೀಲದೊಳಗೆ ಕೈ ಹಾಕಿದಳು. ಬಟಾಣಿ ಸಿಕ್ಕಿತು. ಅವಳ ಮುಖ ಸಣ್ಣದಾಯಿತು. ವಿಠಲ ಮಾತ್ರ, ಮೀನುಸಾರಿನ ಬದಲು ಬಟಾಣಿ ಪಲ್ಯದ ಹೋಟೆಲು ಮಾಡಬಹುದಲ್ಲ, ಎಂದ.

ನೆರೂಳು

ಮರುದಿನ ಬೆಳಿಗ್ಗೆ ಫೋನ್ ಬಂತು. ಚೀಲದ ಮೇಲಿನ ನಂಬರು ನೋಡಿ ಮಾಡಿದ್ದು. ಕನ್ನಡಕದವರ ಹೆಸರು ಸುಲಭಾ, ಠಾಣೆಯಲ್ಲಿ ಕಚೇರಿ, ಕಲ್ಯಾಣದಲ್ಲಿ ಮನೆ. ಪಾತ್ರೆ ಸುರಕ್ಷಿತವಾಗಿದೆ, ಶನಿವಾರ ರಜೆ ಇದೆ, ಬನ್ನಿ, ಎಂದರು. ಬಟಾಣಿಯ ಮಾತನ್ನು ಅವರು ಎತ್ತಲಿಲ್ಲ. ಅದರಿಂದ ವಿಠಲನಿಗೆ ಇನ್ನಷ್ಟು ಸಂಕೋಚವಾಯಿತು, ಏಕೆಂದರೆ ಹೋಟೆಲಿನ ಫ್ರಿಜ್ಜಿನಲ್ಲಿ ಭದ್ರವಾಗಿ ಇಡಿಸಿದ್ದ ಬಟಾಣಿಯನ್ನು ಅಲ್ಲಿಯ ಅಡುಗೆಯವನು ಪುಲಾವಿಗೆ ಹಾಕಿಬಿಟ್ಟಿದ್ದ.

ನಾನು ಹೊಸ ಪಾತ್ರೆಗಳನ್ನು ಪಳಗಿಸಲು ಕೂತೆ. ಅವನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು. ಫ್ಲಾಟಿನಲ್ಲಿ ಮುಳುಗುವಷ್ಟು ನೀರಿರುವ ಜಾಗವೆಂದರೆ ಬಚ್ಚಲಿನ ಬಕೆಟುಗಳು ಮಾತ್ರ. ಹಾಗಾಗಿ ಶುಕ್ರವಾರವಿಡೀ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಆಮೇಲೆ ಅಕ್ಕಿ ತೊಳೆದ ನೀರು ತುಂಬಿಸಿ ಸಣ್ಣ ಉರಿಯಲ್ಲಿ ಕುದಿಸಬೇಕು, ಒಣಗಿದ ಮೇಲೆ ತೆಂಗಿನೆಣ್ಣೆ ಸವರಬೇಕು. ಮೇಲಿನ ಮಹಡಿಯವರು ಹಸಿಮಣ್ಣಿನ ವಾಸನೆ ಹಿಡಿದು ಬಂದು, ಗೋಡೆಗೆ ಬಣ್ಣ ಹೊಡೆಸುತ್ತಿದ್ದೀರಾ ಎಂದು ಕೇಳಿ ಹೋದರು.

ಎಷ್ಟು ಕುದಿಸಿದರೂ ಎರಡು ದಿನದಲ್ಲಿ ಪಾತ್ರೆ ಪಳಗುವುದಿಲ್ಲ. ಕೋಳಿ ಸಾರಿಗೆ ಅವು ನಡೆದಾವು. ಬಂಗುಡೆಗೆ ನನ್ನ ಬಿಸಲೆಯೇ ಆಗಬೇಕು. ಅಶ್ವಿನಿ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳು ರಾಜೀನಾಮೆ ಕೊಟ್ಟು ಬಂದ ನೌಕರಿ ಈಗ ಆ ಕಲ್ಯಾಣದ ಅಡುಗೆಮನೆಯಲ್ಲಿ ಕೂತಿದೆ ಎಂದು ನನಗೆ ಗೊತ್ತಿತ್ತು.

ಕಲ್ಯಾಣ

ಶನಿವಾರ ಮೂವರೂ ಹೊರಟೆವು. ದಾರಿಯಲ್ಲಿ ವಿಠಲ ಬಟಾಣಿ ಕೊಂಡ. ಸುಲಿದು ಕೊಟ್ಟದ್ದನ್ನು ಸುಲಿಯದೆ ಹಿಂತಿರುಗಿಸುವುದು ಮರ್ಯಾದೆಯಲ್ಲವೆಂದು ಲೋಕಲ್ಲಿನಲ್ಲೇ ಕರವಸ್ತ್ರ ಹಾಸಿ ಸುಲಿಯತೊಡಗಿದ. ಎಲ್ಲರೂ ಹತ್ತುವ ಡಬ್ಬಿಯಲ್ಲಿ ಬಟಾಣಿ ಸುಲಿಯುವ ಗಂಡಸನ್ನು ಅಲ್ಲಿಯವರು ನೋಡಿರಲಿಲ್ಲವೋ ಏನೋ. ಎದುರು ಕೂತ ಇಬ್ಬರು ಸ್ವಲ್ಪ ಹೊತ್ತು ನೋಡಿ, ಏನೂ ಕೇಳದೆ, ತಾವೂ ಒಂದೊಂದು ಹಿಡಿ ತೆಗೆದುಕೊಂಡು ಸುಲಿದುಕೊಟ್ಟರು.

ಸುಲಭಾ ಬಾಗಿಲು ತೆರೆದಾಗ ಮನೆಯೊಳಗಿಂದ ಏಲಕ್ಕಿಯ ಪರಿಮಳ ಬಂತು. ಒಳಗೆ ದೇವರ ಕೋಣೆ, ಎದುರು ರಂಗೋಲಿ, ಮಂಚದ ಮೇಲೆ ದಿಂಬಿಗೆ ಒರಗಿದ ಅವರ ಅತ್ತೆ. ಎಲ್ಲರೂ ಅವರನ್ನು ಆಜಿ ಎನ್ನುತ್ತಿದ್ದರು. ಅತ್ತೆಯವರ ಕಾಲದಿಂದ ಈ ಮನೆಗೆ ಈರುಳ್ಳಿ ಬೆಳ್ಳುಳ್ಳಿ ಕೂಡ ಬರುವುದಿಲ್ಲ ಎಂದು ಸುಲಭಾ ಹೆಮ್ಮೆಯಿಂದ ಹೇಳಿದರು. ನಾವು ಮೂವರೂ ಸೋಫಾದ ಮೇಲೆ ಇನ್ನಷ್ಟು ನೆಟ್ಟಗೆ ಕೂತೆವು.

ಆಮೇಲೆ ಅವರು ವಿಷಯ ಹೇಳಿದರು. ಆಜಿಗೆ ಹುಷಾರು ತಪ್ಪಿದಂದಿನಿಂದ ಊಟ ಬೇಡವಾಗಿದೆ. ಏನು ಮಾಡಿಕೊಟ್ಟರೂ ರುಚಿಯಿಲ್ಲವೆಂದು ತಟ್ಟೆ ದೂಡುತ್ತಾರೆ. ಮೊನ್ನೆ ಈ ಪಾತ್ರೆ ಕಂಡದ್ದೇ, ತನ್ನ ತವರಿನಲ್ಲಿ ಇಂಥದರಲ್ಲೇ ಅಡುಗೆ, ಇದರಲ್ಲಿ ಖೀರು ಮಾಡು ಎಂದು ಹಟ ಮಾಡಿದರು. ಕೇಳದೆ ಬಳಸಿದ್ದಕ್ಕೆ ಕ್ಷಮಿಸಬೇಕು, ನಿನ್ನೆಯೂ ಮಾಡಿದೆ, ಇವತ್ತೂ ಮಾಡಿದ್ದೇನೆ, ನಿಮಗೂ ಉಂಟು.

ನಮ್ಮ ಕೈಗೆ ಬಟ್ಟಲು ಬಂತು. ವಿಠಲ ಒಂದು ಚಮಚ ಬಾಯಿಗಿಟ್ಟ. ಹುಟ್ಟಾ ಹೋಟೆಲಿನವನ ನಾಲಿಗೆ. ಚಮಚವನ್ನು ಬಾಯಲ್ಲೇ ಇಟ್ಟುಕೊಂಡು ನನ್ನತ್ತ ಕಣ್ಣು ತಿರುಗಿಸಿದ. ನಾನೂ ತಿಂದೆ. ಹಾಲು, ಸಕ್ಕರೆ, ಏಲಕ್ಕಿ, ಗೇರುಬೀಜ, ಎಲ್ಲದರ ಹಿಂದೆ, ಬಹಳ ದೂರದಲ್ಲಿ, ಮಲ್ಪೆಯ ಬಂದರು. ಅಶ್ವಿನಿ ಕೆಮ್ಮುತ್ತ ನೀರು ಕೇಳಿದಳು. ವಿಠಲ ತನಗೆ ಸಕ್ಕರೆ ಕಾಯಿಲೆ ಎಂದ. ಅದು ಆ ಕ್ಷಣದಲ್ಲೇ ಶುರುವಾದದ್ದು.

ಬಿಸಲೆ ತೊಳೆಯಲು ಸುಲಭಾ ಒಳಗೆ ಹೋದರು. ಸಹಾಯಕ್ಕೆಂದು ಅಶ್ವಿನಿ, ತಪ್ಪಿಸಿಕೊಳ್ಳಲೆಂದು ವಿಠಲ, ಹಿಂದೆಯೇ ಹೋದರು. ಆಜಿಯ ಜೊತೆ ನಾನೊಬ್ಬಳೇ. ಮಡಿವಂತ ಮುದುಕಿಗೆ ಮೀನಿನ ಪಾತ್ರೆಯ ಖೀರು ತಿನ್ನಿಸಿದ ಪಾಪ ನನ್ನ ಮೇಲೆ ಕೂತಿತ್ತು. ಸುಮ್ಮನಿದ್ದು ಎದ್ದುಹೋಗುವುದು ಸಾಧ್ಯವಾಗಲಿಲ್ಲ. ನನ್ನ ಪಠ್ಯಪುಸ್ತಕದ ಹಿಂದಿಯಲ್ಲಿ, ಮಾತೃಶ್ರೀ, ನಿಮ್ಮಲ್ಲಿ ಒಂದು ನಿವೇದನೆ ಉಂಟು, ಎಂದು ಶುರುಮಾಡಿದೆ.

ಆಜಿ ಕೈಯೆತ್ತಿ ತಡೆದರು. ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ, ಮೆಲ್ಲಗೆ ಹೇಳಿದರು: “ನನ್ನ ತವರು ಸಮುದ್ರದ ದಂಡೆಯಲ್ಲಿ. ಬೇಲಿಯ ಆಚೆ ಮೀನು ಹಿಡಿಯುವವರ ಮನೆ. ಸಂಜೆ ಗಾಳಿ ತಿರುಗಿದರೆ ಅವರ ಅಡುಗೆಯ ವಾಸನೆಯಲ್ಲೇ ನಾವು ಊಟ ಮಾಡುವುದು. ಮೊನ್ನೆ ಹಾಲು ಕಾಯುವಾಗಲೇ ಗೊತ್ತಾಯಿತು ನನಗೆ.” ಬಾಗಿಲ ಕಡೆ ನೋಡಿ ದನಿ ಇನ್ನೂ ತಗ್ಗಿಸಿದರು. “ಸುಲಭಾಗೆ ಹೇಳಬೇಡ. ಪಾಪ, ನೊಂದುಕೊಳ್ಳುತ್ತಾಳೆ.”

ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದರು.

ಹೊರಡುವಾಗ ಸುಲಭಾ ಲಿಫ್ಟಿನವರೆಗೆ ಬಂದರು. ಸುತ್ತಿ ಕಟ್ಟಿದ ಬಿಸಲೆಯನ್ನು ನನ್ನ ಕೈಗಿತ್ತು, ಕನ್ನಡಕ ಸರಿಪಡಿಸಿಕೊಂಡು, ಮೀನಿನ ಪಾತ್ರೆಯಲ್ಲವೇ, ಎಂದು ಕೇಳಿದರು. ನಾನು ತಲೆಯಾಡಿಸಿದೆ.

“ನನಗೆ ಮೊದಲ ದಿನವೇ ಸಂಶಯ ಬಂತು,” ಎಂದರು. “ಚೆಲ್ಲಿಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಎಷ್ಟೋ ತಿಂಗಳಾದ ಮೇಲೆ ಅವರು ಇನ್ನೊಮ್ಮೆ ಹಾಕು ಅಂತ ಬಟ್ಟಲು ಮುಂದೆ ಮಾಡಿದರು. ಅತ್ತೆಗೆ ಮಾತ್ರ ಗೊತ್ತಾಗುವುದು ಬೇಡ, ಟೀಚರ್.”

ಗೊತ್ತಾಗುವುದಿಲ್ಲ ಎಂದು ಮಾತು ಕೊಟ್ಟೆ. ಆ ಮನೆಯಲ್ಲಿ ನಾನು ಕೊಟ್ಟ ಎರಡನೆಯ ಮಾತು ಅದು. ನಾವು ಒಯ್ದಿದ್ದ ಒಂದು ಹೊಸ ಕುಡಿಕೆಯನ್ನು ಅವರಿಗೇ ಬಿಟ್ಟು, ಪಳಗಿಸುವ ಕ್ರಮ ಹೇಳಿಕೊಟ್ಟೆ. ಬಟಾಣಿಯನ್ನು ವಿಠಲ ಎರಡೂ ಕೈಗಳಿಂದ ಒಪ್ಪಿಸಿದ.

ತುರ್ಭೆ

ಭಾನುವಾರ ತುರ್ಭೆಗೆ ರಜೆ. ಆದರೆ ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ಗಂಡಸರಿಗೆ ವಾರದ ಒಳ್ಳೆಯ ಊಟ ಅಂದೇ. ಮಧ್ಯಾಹ್ನವಾಗುವ ಮೊದಲೇ ಬೆಂಚುಗಳು ತುಂಬಿದವು. ವಿಠಲ ಗಲ್ಲಾದ ಹಿಂದೆ ಕೂತು, ತಾನು ಇವತ್ತು ಯಾವುದಕ್ಕೂ ಕೈ ಹಾಕುವುದಿಲ್ಲವೆಂದು ಘೋಷಿಸಿದ.

ಮಣ್ಣಿನ ಪಾತ್ರೆ ನಿಧಾನಕ್ಕೆ ಕಾಯುತ್ತದೆ ಎಂದು ಅಶ್ವಿನಿಗೆ ನಾನು ಹತ್ತು ಸಲ ಹೇಳಿದ್ದೆ. ಆದರೆ ಒಳಗೆ ಕೋಳಿ ಬೇಯುತ್ತಿಲ್ಲ, ಹೊರಗೆ ಯಾರೋ ಲೋಟದಿಂದ ಮೇಜು ಕುಟ್ಟುತ್ತಿದ್ದಾರೆ. ಅವಳಿಗೆ ತಾಳ್ಮೆ ತಪ್ಪಿತು. ಹೋಟೆಲಿನ ದೊಡ್ಡ ಬರ್ನರನ್ನು ಪೂರ್ತಿ ತಿರುಗಿಸಿದಳು. ಟಪ್ ಎಂದು ಒಂದು ಸದ್ದು. ಹೊಸ ಪಾತ್ರೆ ಎರಡು ಹೋಳಾಗಿ ಕೋಳಿ ಸಾರು ಒಲೆಯ ಮೇಲೆ ಹರಿದು, ಉರಿಯೂ ಆರಿತು. ಅವಳು ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ವಿಠಲ ಎದ್ದು ಬಂದ. ಬೈಯುತ್ತಾನೆಂದುಕೊಂಡೆ. ಅವನು ಒಲೆಯನ್ನು ನೋಡಿದ, ಮಗಳನ್ನು ನೋಡಿದ, ಹಿತ್ತಿಲಿಗೆ ಹೋಗಿ ಇದ್ದಿಲು ಹಾಕಿ ಎರಡು ಸಿಗಡಿ ಒಲೆ ಹೊತ್ತಿಸಿದ. ಮೊಣಕಾಲು ನೋವಿನ ಮನುಷ್ಯ ಸಿಗಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಬಿಸಲೆ ಒಂದರ ಮೇಲೆ, ಉಳಿದ ಕೋಳಿ ಇನ್ನೊಂದರ ಮೇಲೆ. “ಬೆಂಕಿ ಹೀಗೆ ಇರಬೇಕು,” ಎಂದ ಮಗಳಿಗೆ. “ಉಂಟೋ ಇಲ್ಲವೋ ಅನ್ನುವ ಹಾಗೆ.” ಆಮೇಲೆ ಹೊರಗೆ ಹೋಗಿ, ಊಟ ತಡವಾಗುತ್ತದೆ, ಅವಸರವಿದ್ದವರು ಪಕ್ಕದ ಹೋಟೆಲಿಗೆ ಹೋಗಬಹುದು ಎಂದು ಗಿರಾಕಿಗಳಿಗೆ ಹೇಳಿದ. ಯಾರೂ ಏಳಲಿಲ್ಲ. ಇದನ್ನು ನಾನು ನಮ್ಮ ಅಡುಗೆಯ ಮೇಲಿನ ನಂಬಿಕೆ ಎಂದು ತಿಳಿದೆ. ಪಕ್ಕದ ಹೋಟೆಲಿಗೆ ಭಾನುವಾರ ಬಾಗಿಲು ಹಾಕಿರುತ್ತಾರೆ ಎಂದು ಆಮೇಲೆ ಗೊತ್ತಾಯಿತು.

ಬಂಗುಡೆ ಸಾರು ಬಡಿಸಿದಾಗ ಸಿಗಡಿಯಿಂದ ಇಳಿಸಿ ಎಷ್ಟೋ ಹೊತ್ತಾಗಿದ್ದರೂ ಬಿಸಲೆಯಲ್ಲಿ ಇನ್ನೂ ಗುಳುಗುಳು ಎನ್ನುತ್ತಿತ್ತು. ಮಾತು ನಿಂತಿತು. ಹೊಟ್ಟೆ ಹಸಿದ ಅಷ್ಟೊಂದು ಗಂಡಸರು ಒಟ್ಟಿಗೆ ಸುಮ್ಮನಾದರೆ ಫ್ಯಾನಿನ ಸದ್ದು ಕೂಡ ದೊಡ್ಡದಾಗಿ ಕೇಳುತ್ತದೆ. ಸಾರು ಮುಗಿಯಿತು, ಆಮೇಲೆ ಬಂದವರಿಗೆ ಕೋಳಿ, ಅದೂ ಮುಗಿದ ಮೇಲೆ ತಳದಲ್ಲಿ ಉಳಿದ ಬರೀ ಗೊಜ್ಜಿಗೆ ಅನ್ನ ಕಲಸಿಕೊಂಡರು.

ಈಗ ತೀರ್ಪಿನ ಹೊತ್ತು. ವಿಠಲ ತಟ್ಟೆ ತೊಳೆಯುವಲ್ಲಿ ಪರೀಕ್ಷಾಧಿಕಾರಿಯಂತೆ ನಿಂತು ಒಂದೊಂದೇ ತಟ್ಟೆಯನ್ನು ನೋಡಿದ. ಒಂದನ್ನು ಎತ್ತಿಹಿಡಿದು, ಇದು ಖಾಲಿ ಇಲ್ಲವಲ್ಲ, ಎಂದ. ತಟ್ಟೆಯ ಅಂಚಿನಲ್ಲಿ ಮೀನಿನ ಮುಳ್ಳುಗಳಿದ್ದವು. ಅಶ್ವಿನಿ ವಾದಕ್ಕೆ ನಿಂತಳು. ಅಪ್ಪ ಬಿಡಲಿಲ್ಲ, ಖಾಲಿ ಎಂದರೆ ಖಾಲಿ. ಆ ತಟ್ಟೆಯ ಒಡೆಯ ಕಲಬುರಗಿ ಕಡೆಯ ಹಿರಿಯ ಹಮಾಲರೊಬ್ಬರು. ಕೈ ತೊಳೆಯುತ್ತ ನಿಂತವರು ತಿರುಗಿ ಹೇಳಿದರು: “ಸಾವ್ಕಾರ್ರ, ಮುಳ್ಳ ತಿನ್ನೂದು ನಾ ಇನ್ನಾ ಕಲ್ತಿಲ್ರಿ. ಮುಂದಿನ ಐತಾರ ಮಾಡ್ರಿ, ಕಲೀತೀನಿ.”

ವಿಠಲ ನಕ್ಕುಬಿಟ್ಟ. ಆಮೇಲೆ ಬಿಸಲೆಯನ್ನು ಯಾರಿಗೂ ಕೊಡದೆ, ಸೋಪು ಮುಟ್ಟಿಸಬಾರದೆಂದು ಎಲ್ಲರಿಗೂ ಉಪದೇಶ ಮಾಡುತ್ತ, ತಾನೇ ಬೂದಿ ಮತ್ತು ತೆಂಗಿನ ನಾರು ಹಿಡಿದು ತಿಕ್ಕಲು ಕೂತ. ಆಗಲೇ ಅವನ ಫೋನ್ ರಿಂಗಾಯಿತು. ಮೊಬೈಲ್ ರಿಪೇರಿಯವನು. ಕೈಯೆಲ್ಲ ಬೂದಿ, ನೀನೇ ಮಾತಾಡು, ಅಂಗಡಿ ಈಗ ಕೊಡುವುದಿಲ್ಲ, ಮಗಳು ಮಡಕೆ ಅಡುಗೆ ಶುರುಮಾಡಿದ್ದಾಳೆ ಎನ್ನು, ಎಂದು ವಿಠಲ ನನಗೆ ಹೇಳಿದ.

ನಾನು ಗಂಟಲು ಸರಿಪಡಿಸಿಕೊಂಡು ಶುದ್ಧ ಹಿಂದಿಯಲ್ಲಿ ಹೇಳಿದೆ: “ಕ್ಷಮಾ ಕೀಜಿಯೇ. ಅಬ್ ಯಹ್ ದುಕಾನ್ ನಹೀಂ ಮಿಲೇಗೀ. ಯಹಾಂ ವಿಠಲ್‌ಜೀ ಕೀ ಪುತ್ರಿ ನೇ ಮಟಕೇ ಕಾ ಕಾರೋಬಾರ್ ಆರಂಭ್ ಕಿಯಾ ಹೈ.”

ಆ ಕಡೆ ಫೋನ್ ಕಟ್ಟಾಯಿತು. ಅಶ್ವಿನಿ ಹಣೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದಳು. ನಾನು ಮಡಕೆಯನ್ನೇ ಹೇಳಿದ್ದು. ಮಟಕಾ ಅಂದರೆ ಆ ಊರಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ನಂಬರಿನ ಜೂಜು ಎಂದು ವಿಠಲ ನಕ್ಕು ನಕ್ಕು ಕಣ್ಣೊರೆಸಿಕೊಂಡು ವಿವರಿಸಿದಾಗಲೇ ನನಗೆ ಗೊತ್ತಾದದ್ದು.

ಮೊಬೈಲಿನವನು ಮತ್ತೆ ಫೋನ್ ಮಾಡಲಿಲ್ಲ. ಆದರೆ ಸುದ್ದಿಯನ್ನು ಅವನು ತನ್ನಲ್ಲೇ ಇಟ್ಟುಕೊಂಡಂತೆಯೂ ಕಾಣಲಿಲ್ಲ. ಮರುದಿನ ನಾವು ಅಕ್ಕಿ ಆರಿಸುತ್ತ ಕೂತಿದ್ದಾಗ ಅಪರಿಚಿತನೊಬ್ಬ ಒಳಗೆ ಬಂದು, ಆಚೀಚೆ ನೋಡಿ, ಇವತ್ತಿನ ನಂಬರು ಯಾವುದು ಎಂದು ಪಿಸುದನಿಯಲ್ಲಿ ಕೇಳಿದ. ಅಶ್ವಿನಿ ಅವನನ್ನು ಕೂರಿಸಿ ಮೀನೂಟ ಬಡಿಸಿದಳು. ತಿಂದು ಹೋದವನು ಮಂಗಳವಾರ ಇನ್ನಿಬ್ಬರನ್ನು ಕರೆದುಕೊಂಡು ಬಂದ.